ಮರುಳಣ್ಣನ ನೆಟ್ಟನೆಯ ವೈರು

ಮರುಳಣ್ಣ ಎಳೆದ ವೈರು ನೆಟ್ಟಗಿರುತ್ತಿತ್ತು. ಅದೊಂದಕ್ಕೇ ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಅವನ ಚೀಲದಲ್ಲಿ ಒಂದು ದಾರದುಂಡೆ, ಒಂದು ವಿಭೂತಿ ಗಟ್ಟಿ ಯಾವಾಗಲೂ ಇರುತ್ತಿದ್ದವು. ಬೆಳಿಗ್ಗೆ ಹಣೆಗೆ ಇಟ್ಟುಕೊಂಡ ಅದೇ ಗಟ್ಟಿಗೆ ದಾರ ತಿಕ್ಕುತ್ತಿದ್ದ. ಹೊಗೆ ಹಿಡಿದು ಕಪ್ಪಾದ ತೊಲೆಯ ಮೇಲೆ ಅದನ್ನು ಈ ತುದಿಯಿಂದ ಆ ತುದಿಗೆ ಬಿಗಿದು, ನಡುವೆ ಹಿಡಿದೆತ್ತಿ ಬಿಡುತ್ತಿದ್ದ. ಟಪ್ಪೆಂದು ಬಿಳಿ ಗೆರೆ ಬೀಳುತ್ತಿತ್ತು. ಸುಣ್ಣದ ಗೋಡೆಯಾದರೆ ವಿಭೂತಿ ಬದಲು ಇದ್ದಿಲು. ಆ ಗೆರೆಯ ಮೇಲೆ ಮರದ ಪಟ್ಟಿ ಹೊಡೆದು, ಪಟ್ಟಿಯ ಮೇಲೆ ವೈರು ಕೂರಿಸಿ, ತಗಡಿನ ಕ್ಲಿಪ್ಪು ಮಡಚುತ್ತಾ ಹೋಗುತ್ತಿದ್ದ.

"ವಿಭೂತಿ ತಗಂಡೋಗಿ ತೊಲೆಗೆ ಬಳೀತೀಯಲ್ಲಣ್ಣ, ಪಾಪ ಬರಾಕಿಲ್ವಾ?" ಎಂದು ಒಂದು ಸಲ ಕೆಣಕಿದೆ.

"ತೊಲೆಗೂ ಹಣೆ ಐತೆ ಬುಡ್ಲಾ" ಅಂದ.

ನನಗಿಂತ ಹತ್ತು ವರ್ಷ ದೊಡ್ಡವನು. ಟೂರಿಂಗ್ ಟಾಕೀಸಿನಲ್ಲಿ ಜನರೇಟರ್ ನೋಡಿಕೊಳ್ಳುತ್ತಾ ಕೆಲಸ ಕಲಿತವನು. ಬಾಯಲ್ಲಿ ಸದಾ ಒಂದು ಬೀಡಿ. ಆದರೆ ಜನರ ಮನೆಯೊಳಗೆ ಅದನ್ನು ಹಚ್ಚುತ್ತಿರಲಿಲ್ಲ. "ಮೇಲೆ ಅಟ್ಟದಾಗೆ ತೆಂಗಿನಕಾಯಿ ಐತೆ ಕಣಪ್ಪ, ಕಿಡಿ ಬಿದ್ದೀತು" ಎನ್ನುತ್ತಿದ್ದ. ಹಚ್ಚದ ಬೀಡಿಯನ್ನೇ ಸಂಜೆಯವರೆಗೆ ಕಚ್ಚಿಕೊಂಡು ಮೆತ್ತಗೆ ಮಾಡುತ್ತಿದ್ದ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ತಿಪಟೂರಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತಿ ಕಟ್ಟುವ ಅಂಗಡಿ ಸೇರಿದವನು. ನನ್ನ ಕೈ ಚುರುಕು. ಅವನು ಒಂದು ದಿನ ಮಾಡುವ ಕೆಲಸವನ್ನು ನಾನು ಊಟದ ಹೊತ್ತಿಗೆ ಮುಗಿಸುತ್ತಿದ್ದೆ. ಬಲ್ಬು ಉರಿದರೆ ಸಾಕು. ವೈರು ಸೊಟ್ಟಗಿದ್ದರೆ ಬೆಳಕೇನು ಸೊಟ್ಟಗೆ ಬೀಳುತ್ತದಾ? ಆದರೂ ಹೊನ್ನವಳ್ಳಿ ಸುತ್ತ ಯಾರ ಮನೆಯಲ್ಲಿ ಲೈಟು ಹೋದರೂ ಮೊದಲು ಅವನಿಗೆ ಹೇಳಿ ಕಳಿಸುತ್ತಿದ್ದರು. ಅವನು ಸಿಗದಿದ್ದರೆ ಮಾತ್ರ ನಾನು. ಹೋಗಲಿ, ನಮ್ಮ ಮನೆಗೆ ನಾನೇ ಲೈಟು ಹಾಕಿದಾಗ ನಮ್ಮವ್ವ ಸ್ವಿಚ್ ಮುಟ್ಟಲಿಲ್ಲ. "ಮರುಳಣ್ಣನ್ನ ಒಂದ್ಸಲ ಕರ್ಕಂಬಂದು ತೋರಿಸ್ಲಾ, ಆಮೇಕೆ ಹಾಕಣ" ಅಂದಳು.

ಪರಮಶಿವಯ್ಯನವರ ಮನೆ ಒಂದೇ ನನ್ನದು ಅಂದುಕೊಂಡಿದ್ದೆ. ಹೊನ್ನವಳ್ಳಿಯಲ್ಲಿ ದೊಡ್ಡ ಹಳೇ ಮನೆ. ಕರೆಂಟು ಊರಿಗೆ ಬಂದಾಗ ಎಳೆದ ವೈರು, ಅದರ ಮೇಲೆ ಸುತ್ತಿದ್ದ ಬಟ್ಟೆ ಪುಡಿಪುಡಿಯಾಗಿ ಉದುರುತ್ತಿತ್ತು. ಮೂರು ವರ್ಷದಿಂದ ಅಲ್ಲಿ ಸಣ್ಣಪುಟ್ಟ ರಿಪೇರಿಯೆಲ್ಲ ನಾನೇ ಮಾಡುತ್ತಿದ್ದೆ. ಇಡೀ ಮನೆಗೆ ಹೊಸ ವೈರು, ಹೊಸ ಮೇನ್ ಬೋರ್ಡು ಎಂದು ಯಜಮಾನರು ತೀರ್ಮಾನ ಮಾಡಿದರು. ಕರೆಸಿದ್ದು ಮರುಳಣ್ಣನನ್ನು.

ಅವನು ನೇರವಾಗಿ ನಮ್ಮ ಮನೆ ಬಾಗಿಲಿಗೆ ಬಂದ. "ಅದು ನಿನ್ ಮನೆ ಕಣ್ಲಾ ನಂಜುಂಡ. ನೀನಿಲ್ದೆ ನಾನೆಂಗೆ ಕೈ ಹಾಕ್ಲಿ? ಬಾ, ಇಬ್ರೂ ಮಾಡಣ."

ಬೈದಿದ್ದರೆ ಚೆನ್ನಾಗಿತ್ತು. ಜಗಳವಾಡಬಹುದಿತ್ತು. ಹೋದೆ.

ನಾನಾಗಿದ್ದರೆ ಅವತ್ತೇ ಗೋಡೆಗೆ ಮೊಳೆ ಹೊಡೆಯುತ್ತಿದ್ದೆ. ಅವನು ಅಟ್ಟಕ್ಕೆ ಹತ್ತಿ, ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಇನ್ನೊಂದು, ಮತ್ತೊಂದು. ನಮ್ಮ ಕಡೆ ಕಾಯನ್ನು ಸಿಪ್ಪೆ ಸಮೇತ ವರ್ಷಗಟ್ಟಲೆ ಅಟ್ಟದಲ್ಲೇ ಬಿಡುತ್ತಾರೆ. ನೀರು ಬತ್ತಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು.

"ಇನ್ನೂ ನೀರಾಡ್ತೈತೆ ಯಜಮಾನ್ರೇ. ಕೊಬ್ಬರಿ ಇಳಿಸಿದ ಮೇಲೆ ಬತ್ತೀನಿ. ತುಂಬಿದ ಅಟ್ಟದಾಗೆ ನಾನು ವೈರು ಎಳಿಯಾಕಿಲ್ಲ."

ಎರಡು ತಿಂಗಳು ಕಾಯಿಸಿದ. ಪರಮಶಿವಯ್ಯನವರು ಕಾದರು! ನನ್ನನ್ನಾದರೆ ಎರಡು ದಿನ ಕಾಯುತ್ತಿರಲಿಲ್ಲ.

ಕೊಬ್ಬರಿ ಇಳಿಯಿತು. ಖಾಲಿ ಅಟ್ಟಕ್ಕೆ ಇಬ್ಬರೂ ಹತ್ತಿದೆವು. ಹತ್ತಿದ ಮೇಲೆ ನನಗೆ ನೆನಪಾಯಿತು. ಎರಡು ವರ್ಷದ ಹಿಂದೆ ಅಮ್ಮಾವ್ರು, ಅಂದರೆ ಯಜಮಾನರ ಹೆಂಡತಿ, ಅಟ್ಟ ಕತ್ತಲೆ ಎಂದಿದ್ದಕ್ಕೆ ಒಂದು ಬಲ್ಬು ನೇತುಹಾಕಿದ್ದೆ. ಪಟ್ಟಿಯಿಲ್ಲ, ಕ್ಲಿಪ್ಪಿಲ್ಲ, ಹಲಗೆಯ ಮೇಲೆ ಹಾವಿನ ಹಾಗೆ ಬಿಟ್ಟಿದ್ದೆ. ನಡುವೆ ಒಂದು ಜಾಯಿಂಟು. ಆಮೇಲೆ ಅದರ ಮೇಲೇ ಕಾಯಿ ಸುರಿದಿದ್ದರು. ಪದೇ ಪದೇ ಫ್ಯೂಸು ಹೋಗುತ್ತಿತ್ತು. ನಾನು ಬೇಜಾರಾಗಿ, ಕರೆಂಟು ಜಾಸ್ತಿಯಾದರೆ ಕರಗಬೇಕಾದ ತೆಳು ಎಳೆ ತೆಗೆದು, ಫ್ಯೂಸಿಗೆ ದಪ್ಪ ತಾಮ್ರದ ಎಳೆ ಮೂರು ಹೊಸೆದು ಹಾಕಿದ್ದೆ. ಆಮೇಲೆ ಫ್ಯೂಸು ಹೋಗಲಿಲ್ಲ. ಕೆಲಸ ಗೆದ್ದೆ ಅಂದುಕೊಂಡಿದ್ದೆ.

ಜಾಯಿಂಟಿನ ಕೆಳಗೆ ಹಲಗೆ ಅಂಗೈಯಗಲ ಸುಟ್ಟು ಇದ್ದಿಲಾಗಿತ್ತು. ಪಕ್ಕದಲ್ಲಿ ಬಿದ್ದಿದ್ದ ನಾರೂ ಕಪ್ಪಾಗಿತ್ತು.

ಮರುಳಣ್ಣ ಕೂತು ಅದನ್ನು ಬೆರಳಿನಿಂದ ಕೆರೆದ. ಬಾಯಿಯ ಬೀಡಿ ತೆಗೆದು ಕಿವಿಗೆ ಸಿಕ್ಕಿಸಿಕೊಂಡ.

"ಮನೇಲಿ ಎಷ್ಟು ಜನ ಮಲಗ್ತಾರ್ಲಾ?"

ನಾನು ಸುಟ್ಟ ನಾರನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದೆ.

"ಯಜಮಾನ್ರಿಗೆ ನೀನೇ ಹೇಳು. ನಾನು ಹೇಳಾಕಿಲ್ಲ."

ಹೇಳಿದರೆ ಹೊನ್ನವಳ್ಳಿಯಲ್ಲಿ ಒಂದು ಮನೆಯವರೂ ನನ್ನನ್ನು ಬಾಗಿಲೊಳಗೆ ಬಿಡುವುದಿಲ್ಲ. ಆ ದಿನ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಅವನು ಕೇಳಲೂ ಇಲ್ಲ. ದಾರ ಹಿಡಿ ಎಂದರೆ ಹಿಡಿದೆ, ಬಿಡು ಎಂದರೆ ಬಿಟ್ಟೆ.

ಕೊನೆಗೆ ಹಳೇ ಮೇನ್ ಬೋರ್ಡು ಬಿಚ್ಚುವ ದಿನ ಬಂತು. ಇಡೀ ಮನೆಗೆ ಇದ್ದದ್ದು ಒಂದೇ ಫ್ಯೂಸು. ಮರುಳಣ್ಣ ಹೊಸ ಬೋರ್ಡಿಗೆ ನಾಲ್ಕು ಕೂರಿಸಿದ್ದ: ಅಡುಗೆಮನೆ, ನಡುಮನೆ, ಅಟ್ಟ, ಕೊಟ್ಟಿಗೆ. "ಕೊಟ್ಟಿಗೇಲಿ ಕೆಟ್ರೆ ಅಮ್ಮಾವ್ರು ಯಾಕೆ ಕತ್ತಲಾಗೆ ರೊಟ್ಟಿ ತಟ್ಬೇಕು?" ಎಂದು ಅಮ್ಮಾವ್ರನ್ನು ನಗಿಸಿದ. ಅದನ್ನೂ ನನ್ನಿಂದ ಸಹಿಸಲಾಗಲಿಲ್ಲ. ಮೂರು ವರ್ಷದಲ್ಲಿ ಅವರು ನನ್ನ ಮಾತಿಗೆ ಒಂದು ಸಲವೂ ನಕ್ಕಿರಲಿಲ್ಲ.

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಬಿಚ್ಚಿಟ್ಟ ಪಿಂಗಾಣಿ ಫ್ಯೂಸು ಎತ್ತಿ ನೋಡಿದರು. ಮೂರು ಎಳೆ.

"ಇದೇನಲಾ ಇದು, ಎತ್ತು ಕಟ್ಟೋ ಹಗ್ಗ ಇದ್ದಂಗೈತೆ? ಮೇಲೆ ಹಲಗೆ ಸುಟ್ಟಿರಾದು ಇದ್ರಿಂದ್ಲೇನಾ? ಯಾರು ಹಾಕಿದ್ದು?"

ಅವರು ಅಟ್ಟ ಹತ್ತಿ ನೋಡಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮಾವ್ರು ಇನ್ನೂ ನಗುತ್ತಾ ಮರುಳಣ್ಣನಿಗೆ ಕಾಫಿ ಲೋಟ ಕೊಡುತ್ತಿದ್ದರು. ಮೊದಲು ಅವನಿಗೆ.

"ನಾನಲ್ಲ ಯಜಮಾನ್ರೇ" ಅಂದೆ. "ನಾನು ಊರಾಗಿಲ್ದಾಗ ಮರುಳಣ್ಣ ಒಂದ್ಸಲ ಬಂದಿದ್ದ ಅಂತಿದ್ರಲ್ಲ, ಆಗ ಹಾಕಿರ್ಬೇಕು."

ಮರುಳಣ್ಣ ಲೋಟ ಹಿಡಿದುಕೊಂಡೇ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಸೊಟ್ಟ ಗೆರೆ ನೋಡುತ್ತಾನಲ್ಲ, ಹಾಗೆ ನೋಡಿದ.

ನಕ್ಕಿದ್ದು ಯಜಮಾನರು. "ಇವನಾ? ಇವನು ಎಳೆದಿದ್ರೆ ಅಟ್ಟದ್ ವೈರು ನೆಟ್ಟಗಿರ್ತಿತ್ತು ಕಣ್ಲಾ. ಆ ಸೊಟ್ಟ ನೋಡಿದ್ರೇ ಗೊತ್ತಾಯ್ತದೆ ಯಾರ್ದು ಅಂತ. ಎದ್ದೋಗು."

ಎದ್ದು ಬಂದೆ. ಸುಳ್ಳಿಗೆ ನಾಚಿಕೆಯಾಗಿದ್ದು ಆಮೇಲೆ. ಮೊದಲು ಉರಿದದ್ದು ಬೇರೆ: ಅವನು ಬಾಯಿ ಬಿಡುವುದೇ ಬೇಕಾಗಿರಲಿಲ್ಲ, ಅವನ ವೈರೇ ಸಾಕ್ಷಿ ಹೇಳಿತ್ತು.

ಮುಂದಿನ ವರ್ಷ ಅವನನ್ನು ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ದಬ್ಬೇಘಟ್ಟದ ಕಡೆ ಮಾವನ ತೋಟ ನೋಡುವವರಿಲ್ಲ, ಈ ಕೆಲಸ ಬಿಟ್ಟು ಹೋಗುತ್ತಿದ್ದೇನೆ ಅಂದ. ಬೀಡಿ ಹಚ್ಚಿಕೊಂಡಿದ್ದ. ಅವನ ಬಾಯಿಂದ ಹೊಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ತಪ್ಪಾಯ್ತಣ್ಣ ಅನ್ನಬೇಕು ಅಂದುಕೊಂಡೆ, ಬರಲಿಲ್ಲ. ಬದಲಿಗೆ "ಆ ದಾರ ಏನ್ ಮಾಡ್ದೆ?" ಎಂದು ಕೇಳಿದೆ.

"ಸಸಿ ನೆಡಾಕೆ ಸಾಲು ಹಾಕ್ಬೇಕಲ್ಲಪ್ಪ, ಬೇಕಾಯ್ತದೆ" ಅಂದ. ಬಸ್ಸು ಹತ್ತಿದವನು ಕಿಟಕಿಯಿಂದ ತಲೆ ಹಾಕಿ, "ಫ್ಯೂಸು ಹೋದ್ರೆ ಬೈಬ್ಯಾಡ ಕಣ್ಲಾ. ಯಾಕೆ ಹೋಯ್ತು ಅಂತ ಹುಡುಕು" ಅಂದ. ಅಷ್ಟೇ. ಆಮೇಲೆ ಅವನನ್ನು ನೋಡಲಿಲ್ಲ.

ಮೊನ್ನೆ ಪರಮಶಿವಯ್ಯನವರ ಮನೆಯಿಂದ ಕರೆ ಬಂತು. ಮರುಳಣ್ಣ ಊರು ಬಿಟ್ಟಿದ್ದನಲ್ಲ, ಅದಕ್ಕೆ ನಾನು. ಅಡುಗೆಮನೆಯಲ್ಲಿ ಒಂದು ಲೈಟು ಜಾಸ್ತಿ ಬೇಕಿತ್ತು. ದಾರ ತಂದಿದ್ದೆ. ದೇವರ ಮನೆಯಿಂದ ವಿಭೂತಿ ಗಟ್ಟಿ ಕೇಳಿ ತೆಗೆದುಕೊಂಡೆ. ಮೂರು ಸಲ ಗೆರೆ ಹೊಡೆದು ಎರಡು ಸಲ ಅಳಿಸಿದೆ. ಊಟದ ಹೊತ್ತಿಗೆ ಮುಗಿಯುವ ಕೆಲಸಕ್ಕೆ ಸಂಜೆಯಾಯಿತು.

ಅಮ್ಮಾವ್ರು ಹೊಸ ಲೈಟು ಹಾಕಿ ತಲೆಯೆತ್ತಿ ನೋಡಿದರು. ತೊಲೆಯ ಉದ್ದಕ್ಕೂ ವೈರು ನೆಟ್ಟಗೆ ಹೋಗಿತ್ತು.

"ಹಳೇ ವೈರ್ಗೇ ಲೈಟು ಸೇರಿಸ್ಬುಟ್ಯಾ? ಒಳ್ಳೇದಾಯ್ತು ಬುಡು. ಮರುಳಣ್ಣ ಹಾಕಿದ್ದು ಗಟ್ಟಿಯಾಗೈತೆ."

"ಅದು ನಂದು ಅಮ್ಮಾವ್ರೇ. ಈಗ ತಾನೆ ಎಳ್ದಿದ್ದು."

"ನಿಂದಾ?" ಎಂದು ಅಮ್ಮಾವ್ರು ನಕ್ಕರು. ನನ್ನ ಮಾತಿಗೆ ಅವರು ನಕ್ಕದ್ದು ಅದೇ ಮೊದಲು.