ಆರ್ವೆಲ್ಲಾ ಸ್ಟ್ಯಾಂಪರಳ ನಾಲ್ಕು ರೆಕಾರ್ಡುಗಳು

ಲಾರೆಲ್ ಫೋರ್ಕ್ ಊರಿನ ರೇಡಿಯೋದಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬ ಹೆಂಗಸಿನ ಹಾಡಿನ ಬೆನ್ನಿಗೇ ಇನ್ನೊಬ್ಬ ಹೆಂಗಸಿನ ಹಾಡು ಹಾಕಬಾರದು. ಗಂಡಸರು ಸಾಲುಗಟ್ಟಿ ವಿಸ್ಕಿ, ಲಾರಿ, ಬಿಟ್ಟುಹೋದ ಹೆಂಡತಿ ಅಂತ ಗಂಟೆಗಟ್ಟಲೆ ಗೋಳಾಡಿದರೂ ಯಾರಿಗೂ ಬೇಸರವಾಗುವುದಿಲ್ಲವಂತೆ. ಹೆಂಗಸರಿಬ್ಬರು ಒಬ್ಬರ ಹಿಂದೊಬ್ಬರು ಬಾಯಿ ತೆರೆದರೆ ಮಾತ್ರ ಕೆಂಟಕಿಯ ಜನವೆಲ್ಲ ರೇಡಿಯೋ ಆರಿಸಿಬಿಡುತ್ತಾರಂತೆ. ಯಾವ ಪುಣ್ಯಾತ್ಮ ಇದನ್ನು ಕಂಡುಹಿಡಿದನೋ ಗೊತ್ತಿಲ್ಲ. ಹೆಂಗಸರಿಗೆ ಸಿಗುತ್ತಿದ್ದ ಆ ಚೂರು ಜಾಗ ಹಾಡಿನ ಕಂಪನಿಗಳ ಪಟ್ಟಣ ನ್ಯಾಶ್‌ವಿಲ್‌ನ ದೊಡ್ಡ ತಾರೆ ಲರ್ಲೀನ್ ಡೇಸಿಯ ಪಾಲಾಗುತ್ತಿತ್ತು. ಅದೇ ಊರಿನಲ್ಲಿ ಹುಟ್ಟಿ ಬೆಳೆದ ಆರ್ವೆಲ್ಲಾ ಸ್ಟ್ಯಾಂಪರ್‌ಗೆ ಏನೂ ಉಳಿಯುತ್ತಿರಲಿಲ್ಲ.

ಇದನ್ನು ನೆನೆದರೆ ವಿಲ್ಡಾಳ ಮೈ ಉರಿಯುತ್ತಿತ್ತು. ವಿಲ್ಡಾ ಊರಿನ ಹೆಂಗಸರ ಕೂದಲು ಕತ್ತರಿಸಿ, ಗುಂಗುರು ಮಾಡಿ ಕಳಿಸುವವಳು. ಆರ್ವೆಲ್ಲಾಳ ಪಕ್ಕದ ಮನೆಯವಳು. ಅಂಗಡಿಯಲ್ಲಿ ಆರ್ವೆಲ್ಲಾಳ ನಾಲ್ಕೂ ರೆಕಾರ್ಡುಗಳನ್ನು ಸವೆಯುವಷ್ಟು ಹಾಕುತ್ತಿದ್ದಳು. ಮೊದಲನೆಯದನ್ನು ಚರ್ಚಿನ ಹಿಂದಿನ ಕೋಣೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ್ದರು. ಎರಡನೆಯದರ ಮೇಲೆ ಗಂಡ ಎಸ್ಟಿಲ್‌ನ ತಂಡದ ಹೆಸರು ಇಷ್ಟು ದಪ್ಪಕ್ಕಿತ್ತು. ಅದರ ಕೆಳಗೆ, ಇರುವೆ ಸಾಲಿನ ಹಾಗೆ, ‘ಜೊತೆಗೆ ಹಾಡುವ ಹುಡುಗಿ’ ಎಂದಿತ್ತು. ಆ ‘ಹುಡುಗಿ’ ಆಗಲೇ ಮೂರು ಮಕ್ಕಳ ತಾಯಿ. ಆ ಕಸುಬಿನಲ್ಲಿ ತಂಡದೊಳಗಿನ ಹೆಂಗಸಿಗೆ ತಲೆ ನರೆತರೂ ‘ಹುಡುಗಿ’ ಅಂತಲೇ ಹೆಸರು.

ಮೂರನೆಯದು, ಹಗಲು ಗಣಿಯಲ್ಲಿ ದುಡಿಯುತ್ತಿದ್ದ ಎಸ್ಟಿಲ್ ಕಲ್ಲಿದ್ದಲ ಧೂಳು ಕುಡಿದು ಕುಡಿದು ಸತ್ತ ಮೇಲೆ ಬಂದದ್ದು. ಅದರಲ್ಲೇ ‘ಎರಡು ಸಲ ಒಗೆದ ಅಂಗಿ’ ಇರುವುದು. ಹೆಂಡತಿ ಗಂಡನ ಗಣಿಯಂಗಿಯನ್ನು ಎಷ್ಟು ಒಗೆದರೂ ನೀರು ಕಪ್ಪು. ಕೊನೆಯ ನುಡಿಯಲ್ಲಿ ಒಂದೇ ಒಗೆತಕ್ಕೆ ನೀರು ತಿಳಿಯಾಗಿಬಿಡುತ್ತದೆ, ಏಕೆಂದರೆ ಗಂಡ ಹಾಸಿಗೆ ಹಿಡಿದು ವರ್ಷವಾಗಿದೆ. ಬೇರೆ ಯಾರೇ ಆಗಿದ್ದರೂ ಅಲ್ಲಿ ಬಿಕ್ಕಿಬಿಕ್ಕಿ ಅಳುತ್ತಿದ್ದರು. ಆರ್ವೆಲ್ಲಾ ದನಿಯನ್ನೇ ಇಳಿಸಿ, ಬೇಲಿಯಾಚೆಯವಳಿಗೆ ಸುದ್ದಿ ಹೇಳಿದಂತೆ ಹೇಳಿ ಮುಗಿಸುತ್ತಾಳೆ. ಆ ಸಾಲು ಬಂದಾಗ ವಿಲ್ಡಾ ಕತ್ತರಿ ಕೆಳಗಿಡುತ್ತಿದ್ದಳು. ಇನ್ನು ನಾಲ್ಕನೆಯದು ಬರಿಯ ಗಿಟಾರು, ಬರಿಯ ದನಿ. ಅದನ್ನು ಕಂಪನಿಯವರು ಗೋದಾಮಿನಲ್ಲೇ ಕೊಳೆಯಲು ಬಿಟ್ಟರು.

ಈಗ ಆರ್ವೆಲ್ಲಾಳ ಹೃದಯ ಸೋತಿತ್ತು. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಅವಳು ಕೇಳಿದ್ದು ಒಂದೇ: ಕಣ್ಣು ಮುಚ್ಚುವುದರೊಳಗೆ ಸ್ವಂತ ಊರಿನ ರೇಡಿಯೋದಲ್ಲಿ ಒಂದು ಸಲ ತನ್ನ ಹಾಡು ಬರಬೇಕು.

ಶನಿವಾರ ಕೇಳುಗರ ಕೋರಿಕೆಯ ಹೊತ್ತು. ಅಂಗಡಿಗೆ ಬಂದ ಹೆಂಗಸರಿಂದೆಲ್ಲ ವಿಲ್ಡಾ ರೇಡಿಯೋಗೆ ಫೋನು ಮಾಡಿಸಿದಳು. ಹಾಡು ಹಾಕುವ ಗಾರ್ಲೆಂಡ್ ಟ್ರಿವೆಟ್ ಆಗಲಿ ಆಗಲಿ ಅಂದ. ಆಮೇಲೆ ಜೇನು ಸುರಿಯುವ ದನಿಯಲ್ಲಿ ‘ನಮ್ಮೂರ ಹುಡುಗಿ ಬರೆದ ಹಾಡು’ ಎಂದು ಹೇಳಿ ‘ಎರಡು ಸಲ ಒಗೆದ ಅಂಗಿ’ಯನ್ನೇ ಹಾಕಿದ. ಹಾಡುತ್ತಿದ್ದವನು ಮಾತ್ರ ಒಬ್ಬ ಗಂಡಸು. ಯಾವನೋ ಕೌಬಾಯ್ ಟೋಪಿಯ ಗಾಯಕ ಆ ಹಾಡನ್ನು ಎತ್ತಿಕೊಂಡು, ಹೆಂಡತಿಯನ್ನು ತೆಗೆದು ಅಮ್ಮನನ್ನು ಹಾಕಿ, ಪಿಟೀಲುಗಳಲ್ಲಿ ಅದ್ದಿ ಹೆಸರು ಮಾಡಿಕೊಂಡಿದ್ದ.

ವಿಲ್ಡಾ ಬಾಚಣಿಗೆ ಎಸೆದಳು. ಮೂರನೆಯ ರೆಕಾರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟಳು. ಕುರ್ಚಿಯಲ್ಲಿ ತಲೆತುಂಬ ಸುರುಳಿ ಸುತ್ತಿಸಿಕೊಂಡು ಕೂತಿದ್ದ ಓಪಲ್ ಮುದುಕಿ, ಹೆಗಲ ಮೇಲಿನ ಟವೆಲ್ ಸಮೇತ ಅವಳ ಹಿಂದೆ ನಡೆದಳು. ಓಪಲ್ ಬೇರೆ ಯಾರೂ ಅಲ್ಲ, ಗಾರ್ಲೆಂಡನ ತಾಯಿ.

ರೇಡಿಯೋ ಇದ್ದದ್ದು ದನದ ಮೇವಿನ ಅಂಗಡಿಯ ಅಟ್ಟದಲ್ಲಿ. ಆಗ ಲರ್ಲೀನ್ ಡೇಸಿ ಹಾಡುತ್ತಿದ್ದಳು.

“ಅದು ಮುಗಿದ ತಕ್ಷಣ ಇದನ್ನ ಹಾಕು,” ಎಂದು ವಿಲ್ಡಾ ರೆಕಾರ್ಡನ್ನು ಗಾರ್ಲೆಂಡನ ಮುಂದಿಟ್ಟಳು.

“ಲರ್ಲೀನ್ ಹಿಂದೇನೇ ಹೆಂಗಸಿನ ಹಾಡಾ? ಆಗಲ್ಲ ವಿಲ್ಡಾ. ಮುಂದಿನ ವಾರ ನೋಡೋಣ.”

“ಮುಂದಿನ ವಾರ ಅವಳನ್ನ ಮಣ್ಣು ಮಾಡಿರ್ತೀವಿ ಕಣೋ. ಆಗ ನಿನ್ನ ಟೋಪಿಯವನ್ನ ಕರ್ಕೊಂಡು ಬಾ, ಗುಂಡಿ ಹತ್ರ ಹಾಡಲಿ.”

ಗಾರ್ಲೆಂಡ್ ಕಟ್ಟಳೆ, ಮಾಲೀಕರು, ಜಾಹೀರಾತು ಕೊಡುವವರು ಎಂದು ಏನೇನೋ ಶುರುಮಾಡಿದ. ಅಷ್ಟರಲ್ಲಿ ಓಪಲ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು.

“ಹಾಕೋ,” ಅಂದಳು.

ಅವನು ಹಾಕಿದ. ಒಂದು ಮಾತಾಡದೆ, ಮುಖ ಕೆಂಪಗೆ ಮಾಡಿಕೊಂಡು, ಲರ್ಲೀನಳ ಬೆನ್ನಿಗೇ ಹಾಕಿದ. ಯಾರೂ ಫೋನು ಮಾಡಿ ಬೈಯಲಿಲ್ಲ. ಕೊನೆಯ ನುಡಿ ಮುಗಿಯುವವರೆಗೂ ವಿಲ್ಡಾ ಅಲ್ಲಿಂದ ಕದಲಲಿಲ್ಲ. ಆಮೇಲೆ ಬೀದಿಗಿಳಿದು ಆರ್ವೆಲ್ಲಾಳ ಮನೆಗೆ ಓಡಿದಳು.

ಮಂಚದ ಪಕ್ಕದ ರೇಡಿಯೋ ಆರಿತ್ತು. ಗಂಡಸಿನ ದನಿ ಕೇಳಿದ ಕೂಡಲೇ ಆರ್ವೆಲ್ಲಾ ಅದರ ಕತ್ತು ಹಿಸುಕಿದ್ದಳು. ವಿಲ್ಡಾ ಹೇಳಿದ್ದೆಲ್ಲ ಕೇಳಿಸಿಕೊಂಡ ಮೇಲೂ ಅವಳು ಮರುಗಲಿಲ್ಲ. ವಿಲ್ಡಾಳಿಗೆ ಮಾತ್ರ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

“ಥೂ, ನೀನೇ ಕೇಳ್ಲಿಲ್ವಲ್ಲಕ್ಕಾ.”

“ನನ್ನ ದನಿ ನನಗೆ ಗೊತ್ತಿಲ್ವೇನೆ? ಊರು ಕೇಳ್ತಾ? ಏನಂದ್ರು, ಅದನ್ನ ಹೇಳು.”

ವಿಲ್ಡಾ ತಡವರಿಸಿದಳು. ಓಡಿ ಬರುವಾಗ ಮಾಂಸದಂಗಡಿಯವನು ತನ್ನಂಗಡಿಯ ರೇಡಿಯೋ ಕಡೆ ಕೈ ತೋರಿಸಿ ಕೇಳಿದ್ದ ಮಾತನ್ನು ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ಆರ್ವೆಲ್ಲಾಳ ಮುಂದೆ ಸುಳ್ಳು ನಡೆಯುತ್ತಿರಲಿಲ್ಲ.

“ಚೆನ್ನಾಗಿ ಹಾಡ್ತಾಳೆ, ಯಾರೀ ಹೊಸ ಹುಡುಗಿ ಅಂದ ಮಾಂಸದಂಗಡಿಯವನು.”

ಆರ್ವೆಲ್ಲಾ ನಕ್ಕಳು. ನಗುತ್ತ ನಗುತ್ತ ಉಸಿರು ಸಿಕ್ಕಿಹಾಕಿಕೊಂಡು ತುಟಿ ನೀಲಿಗಟ್ಟಿತು. ನೀರು ಕೊಡಲು ಹೋದ ವಿಲ್ಡಾಳ ಕೈ ಸರಿಸಿ, ಮೊಣಕೈ ಊರಿ ಎದ್ದು ಕೂತಳು.

“ಗಾರ್ಲೆಂಡ್ ನನ್ನ ಹೆಸರು ಹೇಳ್ಲಿಲ್ವಾ?”

“ಇಲ್ಲ.”

“ಹಾಗಾದ್ರೆ ಏನು ಮಾಡಿ ಬಂದ ಹಾಗಾಯ್ತೇ ನೀನು? ಹೋಗು ವಾಪಸ್. ಇನ್ನೊಂದು ಸಲ ಹಾಕಿಸು. ಆರ್ವೆಲ್ಲಾ ಸ್ಟ್ಯಾಂಪರ್ ಅಂತ ಪೂರ್ತಿ ಹೇಳ್ಬೇಕು ಅವನು. ಹುಡುಗಿ ಗಿಡುಗಿ ಅಂದ್ರೆ ಅವರಮ್ಮನ ಕೈಲೇ ಎರಡು ಬಿಡಿಸು.”

ಹೇಳುತ್ತಲೇ ಅವಳು ಕೈ ಚಾಚಿ ರೇಡಿಯೋದ ಗುಂಡಿ ತಿರುಗಿಸಿದಳು.