ಖಾಲಾ ಕರೆದ ಹೆಸರು

ಬಹಳ ದಿನದ ಮೇಲೆ ಇವತ್ತು ಶಿಡ್ಲಘಟ್ಟದ ನಮ್ಮ ಬೀದಿಗೆ ಕಾಲಿಟ್ಟೆ. ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯಿತು. ಚಿಕ್ಕಂದಿನಲ್ಲಿ ನಾನು ಸೈತಾನನಾಗಿದ್ದ ದಿನಗಳು ನೆನಪಾದವು.

ಮಹಾಜನರೇ, ವಿಷಯ ಗಂಭೀರವಾದದ್ದು. ಸಂಡೇ ಸ್ಕೂಲಿನಲ್ಲಿ ಟೀಚರಮ್ಮ ಹೇಳಿದ್ದರು, ಸೈತಾನ ಮೊದಲು ದೇವದೂತನೇ ಆಗಿದ್ದನಂತೆ. ಸೊಕ್ಕು ಹೆಚ್ಚಾಯಿತು, ದೇವರು ಸ್ವರ್ಗದಿಂದ ಆಚೆಗೆ ತಳ್ಳಿಬಿಟ್ಟರಂತೆ. ಆಮೇಲೆ ಅವನ ತಲೆಯಲ್ಲಿ ಕೊಂಬು ಮೂಡಿತಂತೆ. ಮಾರನೆಯ ದಿನವೇ ಪಕ್ಕದ ಮನೆಯಲ್ಲಿ ಗೂಡು ಕುದಿಯುವ ಪಾತ್ರೆಗೆ ಬೆರಳು ಅದ್ದಲು ಹೋದೆ. ನೂಲು ತೆಗೆಯುತ್ತಿದ್ದ ಫಾತಿಮಾ ಖಾಲಾ, ಬೀದಿ ಮಕ್ಕಳಿಗೆಲ್ಲ ಚಿಕ್ಕಮ್ಮ, ಕಿರುಚಿದರು, "ಏ ಶೈತಾನ್!"

ಅಯ್ಯೋ, ಖಾಲಾಗೆ ಗೊತ್ತಾಗಿಹೋಗಿದೆ! ಸೈತಾನ ನಾನೇ! ಊಟ ಸೇರಲಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಲೂ ಭಯ. ದೇವರು ಹುಡುಕಿಕೊಂಡು ಬಂದು ನಮ್ಮ ಮನೆಯಿಂದಲೂ ತಳ್ಳಿಬಿಟ್ಟರೆ?

ತಲೆಗೆ ಎಣ್ಣೆ ತಿಕ್ಕುತ್ತಿದ್ದ ಅಜ್ಜಿಯನ್ನು ಮೆಲ್ಲಗೆ ಕೇಳಿದೆ, "ಅಜ್ಜಿ, ಕೊಂಬು ಸಿಕ್ತಾ?"

ಅಳುತ್ತಾ ಎಲ್ಲವನ್ನೂ ಹೇಳಿದ ಮೇಲೆ ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ನಮ್ಮಪ್ಪ, ಅವರ ಮನೇಲಿ ತರಲೆ ಮಕ್ಕಳನ್ನ ಮುದ್ದಿಗೆ ಹಂಗೇ ಕರೀತಾರೆ ಕಣೋ. ಸೈತಾನ ಯಾರ್ಗೂ ಹೆದರಲ್ಲ. ನೀನು ನೋಡು, ಹೆಂಗೆ ನಡುಗ್ತಿದ್ದೀಯ!"

ಭಾನುವಾರದವರೆಗೆ ನೆಮ್ಮದಿಯಾಗಿದ್ದೆ. ಅವತ್ತು ಟೀಚರಮ್ಮ ಹೇಳಿದರು, "ದೇವರ ಹೆಸರು ಕೇಳಿದ್ರೆ ಸೈತಾನನೂ ಗಡಗಡ ನಡುಗ್ತಾನೆ."

ಇವತ್ತು ಖಾಲಾ ಬಾಗಿಲಿಂದಲೇ ಕೂಗಿದರು, "ಆಗಯಾ ಮೇರಾ ಶೈತಾನ್! ಬಂದ್ಯಾ? ಬಾರೋ ಒಳಗೆ."

ನಾನು ನಕ್ಕೆ. ಕೈ ಮಾತ್ರ ತಾನಾಗಿಯೇ ತಲೆ ಸವರಿ ನೋಡಿತು.