ವನಜಾಕ್ಷಿ ಮೇಡಂಗೆ ಹೊದಿಸಿದ ಶಾಲು

ಕಳೆದ ವರ್ಷ ಫೆಬ್ರವರಿಯ ಎರಡನೇ ಬುಧವಾರ ಸಂಜೆ, ಚಿಕ್ಕಮಗಳೂರಿನ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ, ನಿವೃತ್ತ ಪ್ರಾಧ್ಯಾಪಕಿ ಡಾ. ವನಜಾಕ್ಷಿ ಅವರು ತಾವೇ ರೂಪಿಸಿದ ಕಾಫಿ ತಳಿಯಲ್ಲಿ ತಪ್ಪಾಗಿದೆ ಎಂದು ಹೇಳಲು ಬಂದರು. ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಲಾಯಿತು.

ಅವರ ಬಲಗೈ ಹೆಬ್ಬೆರಳ ತುದಿ ಸದಾ ಕೆಂಪಾಗಿರುತ್ತಿತ್ತು. ಗಿಡದ ಬೇರಿನ ತುದಿಯನ್ನು ಬಣ್ಣದಲ್ಲಿ ನೆನೆಸಿ, ಗಾಜಿನ ಸ್ಲೈಡಿನ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಬೇಕು. ಆಗ ಮಾತ್ರ ಕೋಶಗಳು ಬಿಡಿಬಿಡಿಯಾಗಿ, ಅವುಗಳೊಳಗಿನ ವರ್ಣತಂತುಗಳು ಎಣಿಸಲು ಬರುವಂತೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಈ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ವಸ್ತಾರೆಯ ಮನೆಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಕಂಡಕ್ಟರೊಬ್ಬ ಆ ಬೆರಳು ನೋಡಿ, "ಎಂತ ಮೇಡಂ, ಕಾಲೇಜಲ್ಲೂ ಹೆಬ್ಬೆಟ್ಟು ಒತ್ತಿಸ್ಕೊಂಡೇ ಸಂಬಳ ಕೊಡ್ತಾರಾ?" ಎಂದು ಕೇಳಿದ್ದನಂತೆ. "ಹೌದು ಮಾರಾಯ, ಸಹಿ ಇನ್ನೂ ಕಲೀತಾ ಇದೀನಿ" ಎಂದಿದ್ದರಂತೆ ಇವರು. ಆಮೇಲೆ ಅವನು ಪ್ರತಿದಿನವೂ "ಕಲ್ತ್ರಾ ಮೇಡಂ?" ಎಂದು ಕೇಳುತ್ತಿದ್ದ.

ನಾನು ಅವರನ್ನು ಮೊದಲು ಕಂಡದ್ದು ಪತ್ರಿಕೆಯ ಕೃಷಿ ಪುಟದ ಕೆಲಸಕ್ಕೆ. ಆ ವಿಭಾಗದಲ್ಲಿ ಪ್ರತಿ ಬುಧವಾರ ಸೆಮಿನಾರ್ ನಡೆಯುತ್ತಿತ್ತು. ಕೋಶ ಹೇಗೆ ಒಡೆದು ಎರಡಾಗುತ್ತದೆ, ತಾಯಿಗಿಡದ ಗುಣ ಮರಿಗೆ ಹೇಗೆ ಬರುತ್ತದೆ, ರೋಗ ತಡೆಯುವ ಶಕ್ತಿ ಯಾವ ವರ್ಣತಂತುವಿನಲ್ಲಿ ಕೂತಿರುತ್ತದೆ, ಇಂಥ ವಿಷಯಗಳು. ವಿದ್ಯಾರ್ಥಿಗಳ ಜೊತೆಗೆ ಎಸ್ಟೇಟಿನವರೂ ಬಂದು ಕೂರಬಹುದಿತ್ತು. ಮೂಡಿಗೆರೆಯಿಂದ, ಕೊಟ್ಟಿಗೆಹಾರದಿಂದ ಕೆಲವರು ಜೀಪಿನಲ್ಲಿ ಬರುತ್ತಿದ್ದರು. ಅರ್ಥವಾದವರು ಎಷ್ಟು ಮಂದಿಯೋ, ಆದರೆ ಪ್ರಶ್ನೆ ಕೇಳದೆ ಹೋಗಲು ಮೇಡಂ ಬಿಡುತ್ತಿರಲಿಲ್ಲ.

ಅವರ ಸೆಮಿನಾರಿಗೆ ಒಂದು ಕಟ್ಟುಪಾಡಿತ್ತು. ಪ್ರಶ್ನೆಗಳು ಮುಗಿಯುವವರೆಗೆ ಕಾಫಿ ಒಳಗೆ ಬರುವಂತಿಲ್ಲ. ಒಮ್ಮೆ ಹೊರಊರಿನ ದೊಡ್ಡ ಸಂಸ್ಥೆಯ ವಿಜ್ಞಾನಿಯೊಬ್ಬರು ಬಂದು ಒಂದು ಗಂಟೆ ಮಾತಾಡಿದರು. ಕೊನೆಯ ಚಿತ್ರ ತೋರಿಸಿ, ಈ ಜೀನೇ ಕಾಫಿ ಎಲೆಯ ತುಕ್ಕು ರೋಗಕ್ಕೆ ಉತ್ತರ ಎಂದರು. ಮೇಡಂ ಹಿಂದಿನ ಬೆಂಚಿನಿಂದ ಕೇಳಿದರು: "ಎಷ್ಟು ಗಿಡದಲ್ಲಿ ನೋಡಿದ್ರಿ?" ಆತ ಇಂಗ್ಲಿಷಿನಲ್ಲಿ ಸುತ್ತು ಹೊಡೆದರು. ಮೇಡಂ ಮತ್ತೆ ಅದನ್ನೇ ಕೇಳಿದರು. ಆತ ಗಡಿಯಾರ ನೋಡಿಕೊಂಡರು. ಬಾಗಿಲಲ್ಲಿ ಕಾಫಿ ಕೆಟಲ್ ಹಿಡಿದು ನಿಂತಿದ್ದ ಅಟೆಂಡರ್ ಒಳಗೊಂದು ಹೆಜ್ಜೆ ಇಟ್ಟ. "ನಿಲ್ಲಪ್ಪ ಅಲ್ಲೇ, ಇನ್ನೂ ಉತ್ತರ ಬಂದಿಲ್ಲ" ಎಂದರು ಮೇಡಂ. ಕೊನೆಗೆ ಆ ವಿಜ್ಞಾನಿ, "ಒಂದೇ ಗಿಡ" ಎಂದು ಒಪ್ಪಿಕೊಂಡರು. "ಸರಿ. ಈಗ ಕಾಫಿ ಕುಡೀರಿ" ಎಂದು ಮೇಡಂ ತಾವೇ ಎದ್ದು ಹೋಗಿ ಅವರಿಗೆ ಲೋಟ ಕೊಟ್ಟರು. ಅಣಕವಿರಲಿಲ್ಲ. ಒಂದೇ ಗಿಡ ಎಂದು ಆತ ಹೇಳಿದ್ದು ಮೇಡಂಗೆ ನಿಜವಾಗಿಯೂ ಸಾಕಾಗಿತ್ತು.

"ಕಂಡಿದ್ದು ಹೇಳು, ಅನ್ಸಿದ್ದು ಆಮೇಲೆ" ಎನ್ನುವುದು ಅವರ ಮಾತು. ಈ ಮಾತಿನಿಂದ ಅತ್ತವರ ಪೈಕಿ ಪ್ರಸನ್ನ ಮೊದಲಿಗ. ಈಗ ಆ ವಿಭಾಗದ ಮುಖ್ಯಸ್ಥರು ಅವರೇ. ಆಗ ಎಂ.ಎಸ್ಸಿ. ಹುಡುಗ. ತನ್ನ ಮೊದಲ ಸೆಮಿನಾರಿನಲ್ಲಿ ಕೋಶ ವಿಭಜನೆಯ ಅಂದವಾದ ಚಿತ್ರ ಬರೆದು ತಂದಿದ್ದ. ಮೇಡಂ ನೋಡಿದರು.

"ಇದು ಪುಸ್ತಕದ ಕೋಶ. ನಿಂದೆಲ್ಲಿ?"

"ನಂದು ಸರಿಯಾಗಿ ಬಂದಿಲ್ಲ ಮೇಡಂ."

"ಬರದೇ ಇದ್ದಿದ್ದನ್ನೇ ತೋರ್ಸು. ಅದು ನೀನು ನೋಡಿದ್ದು. ಇದು ಇನ್ಯಾರೋ ನೋಡಿದ್ದು."

ಹುಡುಗ ಅಳುತ್ತಲೇ ಮಸುಕಾದ ಸ್ಲೈಡು ತಂದು ತೋರಿಸಿದ. ಎಲ್ಲಿ ಕೆಟ್ಟಿದೆ ಎಂದು ಮೇಡಂ ಒಂದು ಗಂಟೆ ಕೂತು ಹೇಳಿಕೊಟ್ಟರು. ಊಟಕ್ಕೆ ತಂದಿದ್ದ ಕಡುಬನ್ನು ಅವನಿಗೇ ಕೊಟ್ಟರು. ಮುಂದೆ ಸಂಶೋಧನೆಗೆ ಅವರ ಕೈಕೆಳಗೇ ಸೇರಿಕೊಂಡ ಪ್ರಸನ್ನ, ಈ ಕಥೆಯನ್ನು ಎಲ್ಲ ವೇದಿಕೆಗಳಲ್ಲೂ ಹೇಳುತ್ತಿದ್ದರು. ಈಗಲೂ ಹೇಳುತ್ತಾರೆ.

ಇನ್ನು ತಳಿಯ ವಿಷಯ. ರುಚಿಗೆ ಹೆಸರಾದ ಆದರೆ ತುಕ್ಕು ರೋಗಕ್ಕೆ ಬೇಗ ತುತ್ತಾಗುವ ಹಳೆಯ ಅರೇಬಿಕಾ ಗಿಡ ತಾಯಿ. ರೋಗಕ್ಕೆ ಜಗ್ಗದ ಇನ್ನೊಂದು ಗಿಡ ತಂದೆ. ಕಳಸದ ಹತ್ತಿರ ಸುರೇಂದ್ರ ಗೌಡರ ಎಸ್ಟೇಟಿನಲ್ಲಿ ಮೇಡಂ ಈ ಎರಡನ್ನು ಕೂಡಿಸಿದರು. ಹೂಮಳೆ ಬಿದ್ದ ಮೇಲೆ ಕಾಫಿ ಗಿಡಗಳೆಲ್ಲ ಒಟ್ಟಿಗೇ ಅರಳುತ್ತವೆ. ಅರಳುವ ಮೊದಲೇ ತಾಯಿಗಿಡದ ಮೊಗ್ಗು ಬಿಡಿಸಿ, ಅದರ ಸ್ವಂತ ಪರಾಗ ತೆಗೆದುಹಾಕಿ, ತಂದೆಗಿಡದ ಪರಾಗ ಸವರಿ, ಚೀಲ ಕಟ್ಟಬೇಕು. ತಡವಾದರೆ ತಾಯಿಗಿಡ ತನ್ನ ಪರಾಗದಿಂದಲೇ ಕಾಯಿ ಕಟ್ಟಿಬಿಡುತ್ತದೆ. ಆ ಬೀಜದಿಂದ ಬರುವುದು ಬರೀ ತಾಯಿ. ಮೇಡಂ ಎಸ್ಟೇಟಿನ ಹೆಂಗಸರ ಜೊತೆ ಏಣಿ ಹತ್ತಿ ಈ ಕೆಲಸ ಮಾಡಿದ್ದರು. ಬಂದ ಗಿಡಗಳನ್ನು ಬೇರೆಯೇ ಒಂದು ಪಟ್ಟಿ ಜಾಗದಲ್ಲಿ ನೆಟ್ಟು, ಇವಕ್ಕೆ ಯಾವ ಔಷಧವನ್ನೂ ಹೊಡೆಯಬಾರದು ಎಂದು ಬೋರ್ಡು ಹಾಕಿಸಿದ್ದರು. ರೋಗ ಬರುತ್ತದೋ ಇಲ್ಲವೋ ಎಂದು ನೋಡುವುದೇ ಅಲ್ಲಿನ ಪರೀಕ್ಷೆ.

ರೋಗ ಬರಲಿಲ್ಲ. ವರ್ಷ ವರ್ಷವೂ ಬರಲಿಲ್ಲ. ಮೇಡಂ ನಿವೃತ್ತರಾದರು. ಪ್ರಸನ್ನ ಅದನ್ನು ಮುಂದುವರಿಸಿದರು. ಸೆಮಿನಾರುಗಳಲ್ಲಿ ಆ ಗಿಡದ ಫೋಟೋಗಳು ಬಂದವು, ಇಬ್ಬರು ವಿದ್ಯಾರ್ಥಿಗಳಿಗೆ ಅದರ ಮೇಲೆ ಪಿಎಚ್.ಡಿ. ಆಯಿತು, ಸುರೇಂದ್ರ ಗೌಡರ ನರ್ಸರಿಯಲ್ಲಿ ಸಸಿಗಳು ಸಿದ್ಧವಾದವು. ಬೆಳೆಗಾರರು ಹಳೆಯ ಗಿಡ ಕಿತ್ತು ಇದನ್ನು ನೆಡಲು ಕಾಯುತ್ತಿದ್ದರು. ಕಾಫಿ ಸಸಿ ನೆಟ್ಟವನು ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಕಿತ್ತ ಗಿಡ ವಾಪಸ್ಸು ಬರುವುದಿಲ್ಲ.

ಆ ತಳಿಯ ಬಗ್ಗೆ ಪುಟ ತುಂಬಿಸುವ ಲೇಖನವೊಂದು ಬೇಕೆಂದು ಪತ್ರಿಕೆ ಕೇಳಿತ್ತು. ಹಾಗಾಗಿ ನಾನು ಮೇಡಂ ಜೊತೆ ಕಳಸಕ್ಕೆ ಹೋದೆ. ಎಸ್ಟೇಟಿನ ಮೇಸ್ತ್ರಿ ಮಂಜಯ್ಯ ನಮ್ಮನ್ನು ಪಟ್ಟಿಗೆ ಕರೆದುಕೊಂಡು ಹೋದರು. ಗಿಡಗಳು ಹಸಿರಾಗಿ ನಿಂತಿದ್ದವು.

"ಚೆನ್ನಾಗಿ ನೋಡ್ಕೊಂಡಿದೀರಿ ಮಂಜಯ್ಯ" ಎಂದರು ಮೇಡಂ.

"ಮತ್ತೆಂತ ಮೇಡಂ! ಬೇರೆ ಗಿಡಕ್ಕೆ ಒಂದ್ಸಲ ತಪ್ಪಿದ್ರೂ ತಪ್ಪೀತು, ನಿಮ್ಮ ಗಿಡಕ್ಕೆ ತಪ್ಸಿದ್ದೇ ಇಲ್ಲ. ಬೋರ್ಡೋ ಕಲ್ಸಿದ ಕೂಡ್ಲೆ ಮೊದ್ಲು ತರೋದು ಇಲ್ಲಿಗೇ."

ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ. ತುಕ್ಕು ರೋಗ ಬರದಂತೆ ಹೊಡೆಯುವುದು ಅದನ್ನೇ.

ಮೇಡಂ ಒಂದು ಎಲೆಯನ್ನು ಮಗುಚಿ ಅಡಿಭಾಗ ನೋಡಿದರು. ಆಮೇಲೆ, "ಹೊಡೀಬೇಡಿ ಅಂತ ಬೋರ್ಡು ಹಾಕ್ಸಿದ್ನಲ್ಲ?" ಎಂದರು.

"ಹಾಕ್ಸಿದ್ರಿ. ಹಂಗಂತ ನಿಮ್ಮ ಗಿಡ ಸಾಯ್ಲಿ ಅಂತ ಬಿಡ್ಲಿಕ್ಕಾಗ್ತದಾ? ಸಾಹುಕಾರ್ರಿಗೂ ಹೇಳ್ಲಿಲ್ಲ ನಾನು. ಅಷ್ಟು ದೂರದಿಂದ ಬಂದು ಏಣಿ ಹತ್ತಿ ಮಾಡಿದ್ದು ನೀವು. ನಿಮ್ಮ ಮರ್ಯಾದೆ ಪ್ರಶ್ನೆ ಅಲ್ವಾ?"

"ಯಾವಾಗಿಂದ?"

"ನೆಟ್ಟಾಗಿಂದ."

ಮೇಡಂ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ನೀರು ಕೇಳಿದರು. ಮಂಜಯ್ಯನವರನ್ನು ಬೈಯಲಿಲ್ಲ. ಅವರು ನೀರು ತರಲು ಹೋದಾಗ ನನ್ನ ಕಡೆ ತಿರುಗಿ, "ರೋಗ ಬರ್ಲಿಲ್ಲ ಅಂತ ಇಷ್ಟು ವರ್ಷ ಖುಷಿಪಟ್ಟೆ ಮಾರಾಯ. ಬರ್ಲಿಕ್ಕೆ ಬಿಟ್ರೆ ತಾನೇ?" ಎಂದರು. ಆಮೇಲೆ ಎದ್ದು, ಬೇರೆ ಬೇರೆ ಗಿಡಗಳಿಂದ ಎಲೆ ಕಿತ್ತು ಚೀಲಕ್ಕೆ ಹಾಕಿಕೊಂಡರು.

ಆ ಎಲೆಗಳನ್ನು ಅವರು ಬೇರೆ ಊರಿನ ಪ್ರಯೋಗಾಲಯದಲ್ಲಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಡಿಎನ್‌ಎ ಪರೀಕ್ಷೆಗೆ ಕಳಿಸಿದರು. ಗಿಡಗಳಲ್ಲಿ ತಾಯಿಯ ಗುರುತುಗಳೆಲ್ಲ ಇದ್ದವು. ತಂದೆಯದು ಒಂದೂ ಇರಲಿಲ್ಲ. ಗಿಡ ಕೂಡಿಸಿದ ವರ್ಷ ಹೂವು ಅಂದುಕೊಂಡಿದ್ದಕ್ಕಿಂತ ಮೊದಲೇ ಅರಳಲು ಶುರುವಾಗಿತ್ತು, ತಾವೆಲ್ಲ ತಡವಾಗಿ ಚೀಲ ಕಟ್ಟಿದ್ದರು ಎಂದು ಮೇಡಂ ಲೆಕ್ಕ ಹಾಕಿದರು. ರೋಗ ಬಂದಿದ್ದರೆ ಎರಡನೇ ವರ್ಷಕ್ಕೇ ಅನುಮಾನ ಬರುತ್ತಿತ್ತು. ಬರದ್ದರಿಂದ ಯಾರೂ ಪರೀಕ್ಷಿಸಿರಲಿಲ್ಲ.

ಫಲಿತಾಂಶ ಹಿಡಿದು ಮೇಡಂ ಪ್ರಸನ್ನ ಅವರ ಕೋಣೆಗೆ ಹೋದಾಗ ಜೊತೆಯಲ್ಲಿ ನಾನಿದ್ದೆ.

"ಎಲೆ ಅದಲುಬದಲಾಗಿರ್ಬಹುದು ಮೇಡಂ."

"ಆಗಿರ್ಬಹುದು. ನೀನೇ ಕಿತ್ತು ಇನ್ನೊಂದ್ಸಲ ಕಳ್ಸು."

"ಸಸಿ ಕೊಡೋ ಹೊತ್ತು ಬಂತು. ಮಳೆಗಾಲದೊಳಗೆ ಎಲ್ರಿಗೂ ಮುಟ್ಬೇಕು."

"ಅದಕ್ಕೇ ಈಗ ಹೇಳ್ತಿರೋದು. ಅವ್ರು ಹಳೇ ಗಿಡ ಕೀಳೋ ಮೊದ್ಲು."

ಪ್ರಸನ್ನ ಎದ್ದು ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತರು. "ಮೇಡಂ, ಬುಧವಾರ ಬನ್ನಿ. ಸೆಮಿನಾರು ನಿಮ್ದೇ. ನೀವು ಹೇಳಿದ್ದನ್ನ ಬೇಡ ಅನ್ನೋರು ಯಾರಿದಾರೆ ಇಲ್ಲಿ?"

ಬುಧವಾರ ಮೇಡಂ ಪೆನ್‌ಡ್ರೈವಿನಲ್ಲಿ ಚಿತ್ರಗಳನ್ನು ಹಾಕಿಕೊಂಡು ಬಂದರು. ಕೋಣೆಯ ಗೋಡೆಗೆ ಅವರದೇ ಫೋಟೋ ಇರುವ ಬ್ಯಾನರ್ ಕಟ್ಟಿದ್ದರು. ಮೇಲೆ "ಅಭಿನಂದನಾ ಸಮಾರಂಭ" ಎಂದಿತ್ತು. ವೇದಿಕೆಗೆ ಜಾಗ ಮಾಡಲು ಪ್ರೊಜೆಕ್ಟರ್ ತೆಗೆದಿದ್ದರು.

"ಇದೆಂತದು ಪ್ರಸನ್ನ?"

"ಹುಡುಗ್ರು ಆಸೆಪಟ್ರು ಮೇಡಂ."

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಮಸುಕಾದ ಸ್ಲೈಡಿನ ಕಥೆಯನ್ನು ಪ್ರಸನ್ನ ಹೇಳಿದರು, ಕಡುಬನ್ನೂ ಬಿಡಲಿಲ್ಲ. ಸುರೇಂದ್ರ ಗೌಡರು ಶಾಲು ಹೊದಿಸಿದರು. ಸಭೆಯ ನಡುವೆಯೇ ಕಾಫಿ ಬಂತು. ಕೊನೆಗೆ, ಮೇಡಂ ಎರಡು ಮಾತಾಡಬೇಕು ಎಂದು ಪ್ರಸನ್ನ ಕರೆದರು.

ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಅವರು ಹೇಳಿದ್ದಿಷ್ಟು: "ಈ ತಳಿ ಮಿಶ್ರತಳಿ ಅಲ್ಲ. ಬರೀ ತಾಯಿಗಿಡ. ತಪ್ಪು ನಂದು. ಬೋರ್ಡೋ ಹೊಡೆದಿದ್ದಕ್ಕೆ ರೋಗ ಬಂದಿಲ್ಲ. ಪರೀಕ್ಷೆ ಮಾಡದೆ ಸಸಿ ಕೊಡಬೇಡಿ. ತಗೊಳ್ಳೋರು ತಗೋಬೇಡಿ."

ಸುರೇಂದ್ರ ಗೌಡರು ಎದ್ದು ಮೈಕಿನ ಹತ್ತಿರ ಬಂದರು. "ನೋಡಿ, ದೊಡ್ಡೋರು ಅಂದ್ರೆ ಹಿಂಗಿರ್ತಾರೆ. ಇಷ್ಟೆಲ್ಲ ಮಾಡಿ, ನಂದೇನೂ ಇಲ್ಲ, ತಪ್ಪು ಮಾತ್ರ ನಂದು ಅಂತಾರಲ್ಲ! ಈ ವಿನಯ ಈಗಿನೋರಿಗೆ ಬರ್ತದಾ?"

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

"ಚಪ್ಪಾಳೆ ಬೇಡ. ಪ್ರಶ್ನೆ ಕೇಳಿ" ಎಂದರು ಮೇಡಂ. ಚಪ್ಪಾಳೆ ಜೋರಾಯಿತು. ಒಬ್ಬ ವಿದ್ಯಾರ್ಥಿನಿ ಕೈಯೆತ್ತಿ, "ಮೇಡಂ, ಹಾಗಾದ್ರೆ ಈಗಾಗ್ಲೇ ಬೆಳೆಸಿರೋ ಸಸಿ..." ಎಂದು ಶುರು ಮಾಡಿದಳು. "ಆಮೇಲೆ ಕೇಳಮ್ಮ, ಫೋಟೋ ಮುಗೀಲಿ" ಎಂದರು ಪ್ರಸನ್ನ. ಫೋಟೋ ಮುಗಿಯಿತು. ವಂದನಾರ್ಪಣೆಯೂ ಮುಗಿಯಿತು.

ಮೇಡಂ ಹೇಳಿದ್ದನ್ನು, ಅದಕ್ಕೆ ಪ್ರಸನ್ನ ಕೊಟ್ಟ ಪ್ರತಿಕ್ರಿಯೆಯನ್ನು ನಾನು ವರದಿ ಮಾಡಿದೆ. "ಮೇಡಂ ತಮ್ಮ ಬಗ್ಗೆ ಯಾವಾಗಲೂ ಕಠಿಣ. ತಳಿಯ ಬಗ್ಗೆ ವಿಭಾಗಕ್ಕೆ ಅನುಮಾನವಿಲ್ಲ" ಎನ್ನುವುದು ಆ ಪ್ರತಿಕ್ರಿಯೆ. ವರದಿ ಕೃಷಿ ಪುಟದ ತಲೆಯಲ್ಲೇ ಬಂತು. ಅದನ್ನು ಓದಿ ಕಚೇರಿಗೆ ಫೋನ್ ಮಾಡಿದವರಲ್ಲಿ ಹೆಚ್ಚಿನವರು ಕೇಳಿದ್ದು ಆ ನರ್ಸರಿಯ ನಂಬರ್.

ಮುಂದಿನ ಬುಧವಾರಗಳಿಗೂ ಮೇಡಂ ಹೋದರು. ಪ್ರತಿ ಸಲ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಹೂ ಕೊಟ್ಟು, ಹಿರಿಯರು ಬಂದಿದ್ದಾರೆ ಎಂದು ಹೇಳಿ, ಬೇರೆ ವಿಷಯ ಶುರು ಮಾಡುತ್ತಿದ್ದರು. ಅವರು ಕೈಯೆತ್ತಿದರೆ ಯಾರಾದರೂ ಕಾಲು ಮುಟ್ಟಲು ಬರುತ್ತಿದ್ದರು. ಕೊಟ್ಟಿಗೆಹಾರದಲ್ಲಿ ಬೆಳೆಗಾರರ ಒಂದು ಸಭೆಗೂ ಹೋಗಿ ಹೇಳಿದರು. ಅಲ್ಲಿದ್ದವರೊಬ್ಬರು ಹೊರಗೆ ಬಂದ ಮೇಲೆ ನನಗೆ ಹೇಳಿದ್ದು: "ಮೇಡಂಗೆ ವಯಸ್ಸಾಯ್ತು. ಆದ್ರೂ ಎಂಥ ದೊಡ್ಡ ಮನಸ್ಸು ನೋಡಿ." ಆತ ಆ ವಾರವೇ ಅರ್ಧ ಎಕರೆ ಹಳೆಯ ಗಿಡ ಕೀಳಿಸಿದ್ದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಸೆಪ್ಟೆಂಬರಿನಲ್ಲಿ, ವಸ್ತಾರೆಯ ಅವರ ಮನೆಯಲ್ಲಿ. ಎದೆನೋವು ಬಂದು ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಮಾತು ಕಡಿಮೆಯಾಗಿತ್ತು. ಪ್ರಸನ್ನ ಬಂದು ಹೋದರಂತೆ, ಹಣ್ಣು ತಂದಿದ್ದರಂತೆ.

"ಬೈದಿದ್ರೆ ಜಗಳ ಆಡ್ತಿದ್ದೆ" ಎಂದರು. "ಸುಳ್ಳು ಅಂದಿದ್ರೆ ತೋರಿಸ್ತಿದ್ದೆ. ಇವ್ರು ಕೈ ಮುಗೀತಾರಲ್ಲ ಮಾರಾಯ, ಅದಕ್ಕೆ ಎಂತ ಮಾಡೋದು?"

ಪರೀಕ್ಷೆ ಮತ್ತೆ ಮಾಡಿಸಿದರಾ ಎಂದು ಪ್ರಸನ್ನ ಅವರನ್ನು ಕೇಳಿದಿರಾ ಎಂದೆ.

"ಕೇಳ್ದೆ. ಮಾಡಿಸ್ತೀನಿ ಮೇಡಂ, ನೀವು ಆರಾಮಾಗಿರಿ ಅಂದ."

ನವೆಂಬರಿನಲ್ಲಿ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆ ಅದೇ ಸೆಮಿನಾರ್ ಕೋಣೆಯಲ್ಲಿ ನಡೆಯಿತು. ತಳಿಗೆ "ವನಜಾ" ಎಂದು ಹೆಸರಿಡಲು, ಬುಧವಾರದ ಸೆಮಿನಾರನ್ನು ಇನ್ನು ಮುಂದೆ ಅವರ ಹೆಸರಿನಲ್ಲಿ ನಡೆಸಲು ಸಭೆ ಒಮ್ಮತದಿಂದ ತೀರ್ಮಾನಿಸಿತು. ಎಲೆಗಳನ್ನು ಮತ್ತೆ ಪರೀಕ್ಷೆಗೆ ಕಳಿಸಿದ್ದಾರೆಯೇ ಎಂದು ನಾನು ಈ ಏಪ್ರಿಲ್‌ನಲ್ಲಿ ವಿಭಾಗಕ್ಕೆ ಫೋನ್ ಮಾಡಿ ಕೇಳಿದೆ. ಇಲ್ಲ ಎಂದರು. ಕಳಸದ ದಾರಿಯಲ್ಲಿರುವ ನರ್ಸರಿಯ ಮುಂದೆ, ಈ ಮಳೆಗಾಲದ "ವನಜಾ" ಸಸಿಗಳ ಬುಕಿಂಗ್ ಮುಗಿದಿದೆ ಎಂದು ಬೋರ್ಡು ಹಾಕಿದ್ದಾರೆ.